ಚರ್ಚಿನ ಗೋಡೆಯೊಳಗೆ ಒಂದು ಊರು: ಟ್ರಾನ್ಸಿಲ್ವೇನಿಯಾದಲ್ಲಿ ನಾಲ್ಕು ದಿನ

ನ್ಯೂರೆಂಬರ್ಗ್‌ನಲ್ಲಿ ನಾವಿರುವ ಮನೆಯ ಕೆಳಗಿನ ಅಂತಸ್ತಿನಲ್ಲಿ ಮನೆ ಮಾಲಕಿ ಅಜ್ಜಿ ಇದ್ದಾರೆ. ಸೆಪ್ಟೆಂಬರಿನಲ್ಲಿ ರೊಮೇನಿಯಾಕ್ಕೆ ಹೋಗ್ತಿದ್ದೀವಿ, ಒಂದು ವಾರ ಗಿಡಕ್ಕೆ ನೀರು ಹಾಕ್ತೀರಾ ಅಂತ ಕೇಳೋಕೆ ಹೋದೆ. ಅಜ್ಜಿ ಏನೂ ಹೇಳದೆ ಒಳಗೆ ಹೋಗಿ ಒಂದು ಚೀಟಿ ತಂದುಕೊಟ್ಟರು. ಅದರಲ್ಲಿ ಒಂದು ಊರಿನ ಹೆಸರು, ಪಕ್ಕದಲ್ಲಿ ಒಂದು ನಂಬರ್.

"ಈ ನಂಬರಿನ ಬಾಗಿಲು ಇನ್ನೂ ಇದೆಯಾ ನೋಡ್ಕೊಂಡು ಬಾ."

"ನಿಮ್ಮ ಹಳೇ ಮನೆಯಾ ಅಜ್ಜಿ?"

"ಮನೆಯದೂ ಅದೇ ನಂಬರು. ನಾನು ಹೇಳ್ತಿರೋದು ಚರ್ಚಿನ ಗೋಡೆಯಲ್ಲಿರೋ ಬಾಗಿಲು."

ಅಜ್ಜಿ 1990ರಲ್ಲಿ ಜರ್ಮನಿಗೆ ಬಂದವರು ಅಂತ ಗೊತ್ತಿತ್ತು. ಆದರೆ ಅವರ ಭಾಷೆ ಸುತ್ತಲಿನ ಜರ್ಮನ್ನರಿಗಿಂತ ಯಾಕೆ ಬೇರೆ ಥರ ಕೇಳುತ್ತದೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಚರ್ಚಿನ ಗೋಡೆಯಲ್ಲಿ ಮನೆ ನಂಬರ್ ಹೇಗೆ ಬರುತ್ತೆ ಅಂತಲೂ ಅವತ್ತು ಅರ್ಥವಾಗಲಿಲ್ಲ.

ಮೊದಲ ದಿನ: ಬ್ರಾಶೋವ್, ಪ್ರೆಜ್ಮೆರ್

ಬುಕಾರೆಸ್ಟ್‌ನಿಂದ ಬೆಳಗಿನ ರೈಲು. ಕಾರ್ಪೇಥಿಯನ್ ಬೆಟ್ಟಸಾಲು ದಾಟಿದರೆ ಟ್ರಾನ್ಸಿಲ್ವೇನಿಯಾ ಪ್ರದೇಶದ ಬ್ರಾಶೋವ್. ಅಲ್ಲಿ ಕಾರು ಬಾಡಿಗೆಗೆ ತಗೊಂಡೆವು. ಕೊಟ್ಟವನು ‘ಎಲ್ಲ ಸರಿ ಇದೆ’ ಅಂದ. ಆ ಮಾತಿನ ಬಗ್ಗೆ ಆಮೇಲೆ ಹೇಳ್ತೀನಿ.

ಬ್ರಾಶೋವ್‌ನಲ್ಲಿ ಎಲ್ಲರೂ ನೋಡುವುದು ಕಪ್ಪು ಚರ್ಚನ್ನು. 1689ರ ದೊಡ್ಡ ಬೆಂಕಿಯ ನಂತರ ಆ ಹೆಸರು ಬಂತು ಅಂತಾರೆ. ನಾನು ಒಳಗೆ ಹೋಗಿ ಬೆರಗಾಗಿದ್ದು ಬೇರೆ ವಿಷಯಕ್ಕೆ. ಗೋಡೆ, ಕಟಾಂಜನದ ಮೇಲೆಲ್ಲ ಟರ್ಕಿಯ ರತ್ನಗಂಬಳಿಗಳು! ನೂರಕ್ಕೂ ಹೆಚ್ಚು ಇವೆಯಂತೆ. ವ್ಯಾಪಾರಿಗಳು ಚರ್ಚಿಗೆ ಕಾಣಿಕೆಯಾಗಿ ಕೊಟ್ಟವು. ಯಾವ ತುರ್ಕರಿಗೆ ಹೆದರಿ ಸುತ್ತಲ ಊರಿನವರೆಲ್ಲ ಚರ್ಚಿಗೆ ಕೋಟೆ ಕಟ್ಟಿದರೋ, ಅವರ ಕಡೆಯ ಕಂಬಳಿಯನ್ನೇ ತಂದು ಚರ್ಚಿನಲ್ಲಿ ತೂಗುಹಾಕಿದ್ದಾರೆ. ಯುದ್ಧ ಒಂದು ಕಡೆ, ವ್ಯಾಪಾರ ಇನ್ನೊಂದು ಕಡೆ.

ಮಧ್ಯಾಹ್ನ ಪ್ರೆಜ್ಮೆರ್‌ಗೆ ಹೊರಟೆವು. ಬ್ರಾಶೋವ್‌ನಿಂದ ಅರ್ಧ ಗಂಟೆಯೂ ಇಲ್ಲ. ಅಜ್ಜಿಯ ಚೀಟಿಯಲ್ಲಿದ್ದ ‘ತಾರ್ಟ್‌ಲಾವ್’ ಇದೇ. ಇಲ್ಲಿ ಒಂದೊಂದು ಊರಿಗೂ ರೊಮೇನಿಯನ್, ಜರ್ಮನ್, ಹಂಗೇರಿಯನ್ ಅಂತ ಮೂರು ಹೆಸರು. ಮ್ಯಾಪಿನಲ್ಲಿ ಹುಡುಕುವಾಗ ತಲೆ ಕೆಡುತ್ತದೆ.

ಈ ಕೋಟೆ ಚರ್ಚುಗಳ ಕಥೆ ಶುರುವಾಗೋದು 12ನೇ ಶತಮಾನದ ನಡುವಿನಲ್ಲಿ. ಆಗ ಟ್ರಾನ್ಸಿಲ್ವೇನಿಯಾ ಹಂಗೇರಿ ರಾಜ್ಯದ ಅಂಚು. ಗಡಿ ಕಾಯಬೇಕು, ಬೀಳು ಬಿದ್ದ ಭೂಮಿ ಉಳಬೇಕು, ಜನ ಇಲ್ಲ. ದೊರೆ ಎರಡನೇ ಗೇಜಾ ಪಶ್ಚಿಮದಿಂದ ರೈತರನ್ನು ಕರೆಸಿದ. ಹೆಸರಿಗೆ ಅವರು ಸ್ಯಾಕ್ಸನ್ನರು, ಅಂದರೆ ಜರ್ಮನಿಯ ಸ್ಯಾಕ್ಸನಿಯವರು. ಬಂದಿದ್ದು ಮಾತ್ರ ಜಾಸ್ತಿ ಪಾಲು ರೈನ್, ಮೊಸೆಲ್ ನದಿಗಳ ಕಡೆಯಿಂದ, ಲಕ್ಸೆಂಬರ್ಗ್ ಸುತ್ತಮುತ್ತಲಿಂದ. ಅಜ್ಜಿಯ ಮಾತು ಲಕ್ಸೆಂಬರ್ಗ್‌ನವರ ಮಾತಿನ ಥರ ಕೇಳೋದು ಅದಕ್ಕೇ. 1224ರಲ್ಲಿ ಎರಡನೇ ಆಂಡ್ರೂ ಇವರಿಗೆ ಒಂದು ಸನದು ಕೊಟ್ಟ. ತಮ್ಮ ಪಾದ್ರಿಯನ್ನು ತಾವೇ ಆರಿಸಿಕೊಳ್ಳಬಹುದು, ತಮ್ಮ ನ್ಯಾಯ ತಾವೇ ಮಾಡಿಕೊಳ್ಳಬಹುದು. ತಲೆಯ ಮೇಲೆ ಜಮೀನ್ದಾರ ಇಲ್ಲ.

ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಜಮೀನ್ದಾರ ಇಲ್ಲ ಅಂದರೆ ಅವನ ಕೋಟೆಯೂ ಇಲ್ಲ. ಕಷ್ಟ ಬಂದಾಗ ಓಡಿಹೋಗಿ ಅಡಗೋಕೆ ಜಾಗ ಇಲ್ಲ. 1241ರಲ್ಲಿ ಮಂಗೋಲರು ಬಂದು ತುಳಿದು ಹೋದರು. 14ನೇ ಶತಮಾನದ ಕೊನೆಯಿಂದ ಒಟ್ಟೊಮನ್ ತುರ್ಕರ ದಾಳಿ ಶುರುವಾಯಿತು. ಇಡೀ ಊರಿಗೆ ಗೋಡೆ ಕಟ್ಟುವಷ್ಟು ದುಡ್ಡು ಹಳ್ಳಿಗಳ ಹತ್ತಿರ ಇರಲಿಲ್ಲ. ಊರಿನಲ್ಲಿದ್ದ ಗಟ್ಟಿ ಕಲ್ಲಿನ ಕಟ್ಟಡ ಒಂದೇ, ಚರ್ಚು. ಅದರ ಸುತ್ತ ಗೋಡೆ ಎಬ್ಬಿಸಿದರು. ಹೀಗೆ ಸುಮಾರು 300 ಊರುಗಳಲ್ಲಿ. ಇವತ್ತು ಉಳಿದಿರೋದು ಅದರಲ್ಲಿ ಅರ್ಧದಷ್ಟು.

ಪ್ರೆಜ್ಮೆರ್ ಚರ್ಚನ್ನು 13ನೇ ಶತಮಾನದ ಶುರುವಿನಲ್ಲಿ ಟ್ಯೂಟಾನಿಕ್ ಯೋಧರು, ಅಂದರೆ ಜರ್ಮನ್ ಧರ್ಮಯೋಧರ ಒಂದು ಪಂಗಡದವರು, ಕಟ್ಟಲು ತೊಡಗಿದ್ದು. ಅವರನ್ನು ದೊರೆ 1225ರಲ್ಲಿ ಓಡಿಸಿದ ಮೇಲೆ ಸಿಸ್ಟರ್ಷಿಯನ್ ಸನ್ಯಾಸಿಗಳ ಕೈಗೆ ಬಂತು. ಬುಜೌ ಕಣಿವೆ ದಾಟಿ ಬರುವ ದಂಡಿಗೆ ಮೊದಲು ಸಿಗುವ ದೊಡ್ಡ ಊರು ಇದೇ. ಅದಕ್ಕೇ ಇಲ್ಲಿನ ಗೋಡೆ ಆ ಪಾಟಿ. ಸುಮಾರು 12 ಮೀಟರ್ ಎತ್ತರ. ದಪ್ಪ 3 ಮೀಟರಿಗೂ ಮೇಲೆ. ಹೊರಗಿನಿಂದ ನೋಡಿದರೆ ಸುಣ್ಣ ಬಳಿದ ಒಂದು ದುಂಡನೆಯ ಗೋಡೆ, ಮೇಲೆ ಕೆಂಪು ಹಂಚು. ಚರ್ಚಿನ ಗೋಪುರದ ತುದಿ ಮಾತ್ರ ಇಣುಕುತ್ತದೆ. ಹೊರಮುಖಕ್ಕೆ ಒಂದು ಕಿಟಕಿಯೂ ಇಲ್ಲ.

ನನ್ನ ಗಂಡ ಗದಗಿನ ಕಡೆಯವರು. ಅವರ ಊರಿನಲ್ಲಿ ಒಂದು ಹುಡೇವು ಇದೆ. ದಂಡು ಬಂದಾಗ ಊರಿನವರು ಹತ್ತಿ ಕೂರುತ್ತಿದ್ದ ಮಣ್ಣು, ಕಲ್ಲಿನ ಗೋಪುರ. ಗೋಡೆಯನ್ನು ಕತ್ತೆತ್ತಿ ನೋಡಿ, "ನಮ್ಮೂರ ಹುಡೇವು ಇದರ ಮುಂದ ಕೂಸು ಬಿಡು" ಅಂದರು.

ಒಳಗೆ ಹೋಗಲು ಉದ್ದನೆಯ ಕಮಾನಿನ ಓಣಿ. ಹೊರಗೆ ಬಿಸಿಲಿತ್ತು, ಓಣಿಯೊಳಗೆ ಕಾಲಿಟ್ಟ ಕೂಡಲೇ ತಣ್ಣಗಾಯಿತು. ಮೇಲಿಂದ ಇಳಿಬಿಡುವ ಮರದ ಜಾಲರಿ ಬಾಗಿಲು ಇನ್ನೂ ಇದೆ. ತುದಿಯಲ್ಲಿ ಕಬ್ಬಿಣದ ಮೊನೆಗಳು. ಓಣಿ ಮುಗಿದು ಅಂಗಳಕ್ಕೆ ಬಂದವರು ಹಾಗೇ ನಿಂತುಬಿಟ್ಟೆವು. ನಡುವೆ ಚರ್ಚು. ಸುತ್ತಲೂ ಗೋಡೆಯ ಒಳಮೈಗೆ ಅಂಟಿಕೊಂಡು ಮೂರು ನಾಲ್ಕು ಅಂತಸ್ತಿನಲ್ಲಿ ಬಾಗಿಲು, ಬಾಗಿಲು, ಬಾಗಿಲು. ಮರದ ಮೆಟ್ಟಿಲು, ಮರದ ಮೊಗಸಾಲೆ. 270ಕ್ಕೂ ಹೆಚ್ಚು ಕೋಣೆಗಳು. ಊರಿನ ಪ್ರತಿ ಮನೆಗೂ ಒಂದೊಂದು. ನಿನ್ನ ಮನೆಯ ನಂಬರೇ ನಿನ್ನ ಕೋಣೆಯ ನಂಬರು. ಸುಮಾರು 1600 ಜನ ಇದರೊಳಗೆ ಸೇರಿಕೊಳ್ಳಬಹುದಿತ್ತು.

ಈಗ ಚೀಟಿ ಅರ್ಥವಾಯಿತು. ಗಂಟೆ ಬಡಿದರೆ ಯಾರೂ ಯಾರನ್ನೂ ಕೇಳಬೇಕಿಲ್ಲ. ಮಕ್ಕಳಿಗೂ ಗೊತ್ತಿರುತ್ತದೆ ಯಾವ ಮೆಟ್ಟಿಲು ಹತ್ತಬೇಕು, ಯಾವ ಬಾಗಿಲು ನೂಕಬೇಕು ಅಂತ. ಸಾವಿರಾರು ಜನ ಹೆದರಿ ಓಡಿ ಬರುವಾಗ ಗಲಾಟೆ ತಡೆಯೋಕೆ ಇದಕ್ಕಿಂತ ಸರಳ ಉಪಾಯ ಇನ್ನೇನಿದೆ? ಕೋಟೆಗಳಲ್ಲಿ ರಾಜನ ಅರಮನೆ, ರಾಣಿಯ ಕೊಳ ತೋರಿಸುತ್ತಾರೆ. ಇಲ್ಲಿ ತೋರಿಸಲು ಅಂಥದ್ದೇನೂ ಇಲ್ಲ. ರೈತರು ತಾವೇ ಕಟ್ಟಿಕೊಂಡಿದ್ದು, ತಮ್ಮ ದವಸಕ್ಕೆ, ತಮ್ಮ ಮಕ್ಕಳಿಗೆ. ನನಗೆ ಇದು ಬಹಳ ಹಿಡಿಸಿತು.

ಒಂಬತ್ತು ವರ್ಷದ ಮಗಳು ಚೀಟಿ ಕಿತ್ತುಕೊಂಡು ಮೇಲಕ್ಕೆ ಓಡಿದಳು. ಹಲಗೆಗಳು ಕಿರ್ ಕಿರ್ ಅನ್ನುತ್ತಿದ್ದವು. "ಬಿದ್ದೀಯೇ, ನಿಧಾನ!" ಅಂತ ಕೂಗುತ್ತಾ ನಾನು ಹಿಂದೆ. ಮೇಲಿನ ಮೊಗಸಾಲೆಯಲ್ಲಿ ಸಿಕ್ಕಿತು. ನಂಬರ್ ಏನು ಅಂತ ಇಲ್ಲಿ ಬರೆಯಲ್ಲ, ಅದು ಅವರ ಮನೆಯದು. ಕುಳ್ಳು ಬಾಗಿಲು, ತಲೆ ಬಗ್ಗಿಸಿಯೇ ಹೋಗಬೇಕು. ಒಳಗೆ ಮಣ್ಣಿನ, ಹಳೇ ಮರದ ವಾಸನೆ. ನಮ್ಮ ಅಡುಗೆಮನೆಗಿಂತ ಚಿಕ್ಕದು. ಹಿಂದಿನ ಗೋಡೆಯೇ ಕೋಟೆಯ ಗೋಡೆ. ಅದಕ್ಕೆ ಕೈ ಇಟ್ಟೆ, ಒದ್ದೆ ತಣ್ಣಗೆ. ಬಾಗಿಲ ಚೌಕಟ್ಟಿನಲ್ಲಿ ಹೆಬ್ಬೆರಳು ಹಿಡಿಸುವಷ್ಟು ಅಗಲದ ಒಂದು ತಗ್ಗು. ಎಷ್ಟೋ ಕೈಗಳು ಅದೇ ಜಾಗ ಹಿಡಿದು ಒಳಗೆ ನುಗ್ಗಿ ಸವೆಸಿದ್ದಿರಬೇಕು. ಬಾಗಿಲಿಗೆ ಕಬ್ಬಿಣದ ಚಿಲಕ. ಫೋಟೋ ತೆಗೆದೆ.

ಕೋಣೆಗಳ ಮೇಲೆ, ಹಂಚಿನ ಕೆಳಗೆ, ಗೋಡೆಯುದ್ದಕ್ಕೂ ಕಾವಲಿನ ಕತ್ತಲೆ ಓಣಿ ಸುತ್ತುತ್ತದೆ. ಅಲ್ಲಲ್ಲಿ ಬಾಣದ ಕಂಡಿ, ಕೋವಿಯ ಕಂಡಿ. ಗೋಡೆಗೆ ಏಣಿ ಇಟ್ಟವರ ಮೇಲೆ ಸುಡುನೀರು ಸುರಿಯಲು ಕೆಳಮುಖದ ತೂತುಗಳು. ಒಂದು ಮೂಲೆಯಲ್ಲಿ ‘ಸಾವಿನ ಆರ್ಗನ್’ ಇಟ್ಟಿದ್ದಾರೆ. ಚರ್ಚಿನ ಆರ್ಗನ್ ಕೊಳವೆಗಳ ಹಾಗೆ ಕೋವಿಯ ನಳಿಗೆಗಳನ್ನು ಸಾಲಾಗಿ ಜೋಡಿಸಿ, ಒಟ್ಟಿಗೆ ಹಾರಿಸುವ ಯಂತ್ರ. ಹಾಡು ಕೇಳುವ ಜನವೇ ಇಟ್ಟ ಹೆಸರು ಅದು!

ಇಷ್ಟಕ್ಕೂ ದಾಳಿಗೆ ಬರುತ್ತಿದ್ದವರು ಹೆಚ್ಚಾಗಿ ಕುದುರೆ ಸವಾರರು. ಬೇಗ ಬಂದು, ಸಿಕ್ಕಿದ್ದು ದೋಚಿ, ಜನರನ್ನು ಹಿಡಿದು ಹೊರಡುವವರು. ಭಾರದ ಫಿರಂಗಿ ಎಳೆದು ತಂದು ಒಂದು ಹಳ್ಳಿಯ ಮುಂದೆ ತಿಂಗಳುಗಟ್ಟಲೆ ಕೂರುವ ಪುರುಸೊತ್ತು ಅವರಿಗಿರಲಿಲ್ಲ. ಹಾಗಾಗಿ ಇಂಥ ಗೋಡೆ ಸಾಕಾಗುತ್ತಿತ್ತು. ಹೊರಗೆ ಮನೆ ಸುಡುತ್ತಿದ್ದರು, ಒಳಗೆ ಜೀವ ಉಳಿಯುತ್ತಿತ್ತು. ಈ ಕೋಟೆ ಬಿದ್ದಿದ್ದು ಒಂದೇ ಸಲ, 1611ರಲ್ಲಿ. ಬೀಳಿಸಿದ್ದು ತುರ್ಕರಲ್ಲ, ಟ್ರಾನ್ಸಿಲ್ವೇನಿಯಾವನ್ನೇ ಆಳುತ್ತಿದ್ದ ಗೇಬ್ರಿಯಲ್ ಬಾಥೊರಿ.

ಚರ್ಚಿನೊಳಗೆ ಸ್ವಲ್ಪವೇ ಹೊತ್ತು ಇದ್ದೆವು. ನಾಲ್ಕೂ ಕೈ ಹೆಚ್ಚುಕಡಿಮೆ ಸಮ ಇರುವ ಶಿಲುಬೆಯಾಕಾರ, 1450ರ ಸುಮಾರಿನ ಮೂರು ಹಲಗೆಯ ಬಲಿಪೀಠದ ಚಿತ್ರ. ಚೆನ್ನಾಗಿದೆ. ಆದರೆ ಆ ಬಾಗಿಲುಗಳನ್ನು ನೋಡಿದ ಮೇಲೆ ಇದರ ಮೇಲೆ ಮನಸ್ಸು ನಿಲ್ಲಲಿಲ್ಲ.

ಎರಡನೇ ದಿನ: ವಿಸ್ಕ್ರಿ

ಸಿಗಿಷೋರಾ ಕಡೆಯ ಹೆದ್ದಾರಿಯಲ್ಲಿ ಹೋಗುವಾಗ ರೊಟ್‌ಬಾವ್ ಅನ್ನೋ ಊರು ಸಿಗುತ್ತದೆ. 2016ರ ಫೆಬ್ರವರಿಯಲ್ಲಿ ಇಲ್ಲಿನ ಕೋಟೆ ಚರ್ಚಿನ ಗೋಪುರ ಕುಸಿದು ಬಿತ್ತು. ಅದೇ ತಿಂಗಳು ರೊವಾದೆಷ್ ಅನ್ನೋ ಇನ್ನೊಂದು ಹಳ್ಳಿಯಲ್ಲೂ ಗೋಪುರ ಬಿತ್ತು. ಯಾರೂ ಮುತ್ತಿಗೆ ಹಾಕಿರಲಿಲ್ಲ. ಸೋರುವ ಹಂಚು ಸರಿ ಮಾಡಿಸುವ ಜನ ಊರಲ್ಲಿ ಉಳಿದಿರಲಿಲ್ಲ, ಅಷ್ಟೇ.

ಹೆದ್ದಾರಿ ಬಿಟ್ಟು ಹಳ್ಳಿ ರಸ್ತೆಗೆ ತಿರುಗಿದ ಹತ್ತು ನಿಮಿಷಕ್ಕೆ ಟೈರ್ ಪಂಕ್ಚರ್. ಡಿಕ್ಕಿ ತೆಗೆದರೆ ಸ್ಟೆಪ್ನಿಯಲ್ಲೂ ಗಾಳಿ ಇಲ್ಲ. ‘ಎಲ್ಲ ಸರಿ ಇದೆ’ ಅಂದಿದ್ದನಲ್ಲ ಪುಣ್ಯಾತ್ಮ! ಕುದುರೆ ಗಾಡಿಯಲ್ಲಿ ಹುಲ್ಲು ಹೇರಿಕೊಂಡು ಬಂದ ಒಬ್ಬರು ನಿಲ್ಲಿಸಿ, ಫೋನ್ ಮಾಡಿ, ಗಾಳಿ ತುಂಬುವ ಪಂಪಿನ ಸಮೇತ ತಮ್ಮ ಅಳಿಯನನ್ನು ಕರೆಸಿದರು. ದುಡ್ಡು ಕೊಡಲು ಹೋದರೆ ಬೇಡ ಅಂದರು. ಮಗಳನ್ನು ಗಾಡಿ ಹತ್ತಿಸಿ ಒಂದು ಸುತ್ತು ಹಾಕಿಸಿದರು. ಅವಳ ಪ್ರವಾಸ ಅಲ್ಲಿಗೇ ಸಾರ್ಥಕ.

ವಿಸ್ಕ್ರಿ ಚೆಂದದ ಊರು. ಸ್ವಲ್ಪ ಜಾಸ್ತಿಯೇ ಚೆಂದ ಮಾಡಿಟ್ಟಿದ್ದಾರೇನೋ ಅನ್ನಿಸಿತು. ಒಂದೇ ಅಗಲದ ರಸ್ತೆ, ಎರಡೂ ಕಡೆ ನೀಲಿ, ಹಸಿರು, ಹಳದಿ ಮನೆಗಳು, ಎತ್ತರದ ಹೆಬ್ಬಾಗಿಲುಗಳು. ಬ್ರಿಟನ್ನಿನ ಈಗಿನ ದೊರೆ ಚಾರ್ಲ್ಸ್ ರಾಜಕುಮಾರರಾಗಿದ್ದಾಗ, 2006ರಲ್ಲಿ, ಇಲ್ಲೊಂದು ಮನೆ ಕೊಂಡರು. ಆಮೇಲೆ ಪ್ರವಾಸಿಗರ ಸಾಲು. ಹೆಂಗಸರು ಮನೆ ಮುಂದಿನ ಬೆಂಚಿನಲ್ಲಿ ಕೂತು ಉಣ್ಣೆಯ ಕಾಲುಚೀಲ ಹೆಣೆದು ಮಾರುತ್ತಾರೆ. ನಾನೂ ಎರಡು ಜೊತೆ ತಗೊಂಡೆ. ಟೀಕೆ ಮಾಡುವವರೂ ಚಳಿಗೆ ನಡುಗಬೇಕಲ್ಲ.

ಚರ್ಚು ಊರಿನ ಮೇಲೆ ದಿಬ್ಬದಲ್ಲಿದೆ. ಊರಿನ ಜರ್ಮನ್ ಹೆಸರಿನಲ್ಲೇ ‘ಬಿಳಿ ಚರ್ಚು’ ಅನ್ನುವುದು ಸೇರಿಕೊಂಡಿದೆ. ಸ್ಯಾಕ್ಸನ್ನರು ಬರುವ ಮೊದಲೇ ಇಲ್ಲಿ ಹಂಗೇರಿಯನ್ ಮಾತಾಡುವ ಸೆಕ್ಲರ್ ಜನರ ಒಂದು ಪುಟ್ಟ ಪ್ರಾರ್ಥನಾ ಮಂದಿರ ಇತ್ತು. ಅದನ್ನೇ ಇವರು ಬೆಳೆಸಿದರು. ಬುರುಜುಗಳಿರುವ ಗೋಡೆ ಬಂದಿದ್ದು 1525ರ ಹೊತ್ತಿಗೆ. ಪ್ರೆಜ್ಮೆರ್ ಎದೆ ಉಬ್ಬಿಸಿ ನಿಂತ ಪೈಲ್ವಾನನ ಹಾಗಿದ್ದರೆ ಇದು ಮನೆಯ ಹಿತ್ತಿಲಿನ ಹಾಗೆ. ಗಿಡ, ಹುಲ್ಲು, ಸೊಟ್ಟ ಮೆಟ್ಟಿಲು. ಒಳಗೆ ಬಣ್ಣ ಬರೆದ ಮರದ ಗ್ಯಾಲರಿ, ಚೌಕ ಚೌಕದ ಮರದ ಮುಚ್ಚಿಗೆ. ಹೆಂಗಸರು ಕೂರುವ ಬೆಂಚುಗಳಿಗೆ ಒರಗು ಇಲ್ಲ. ಹಬ್ಬದ ದಿರಿಸಿನ ರಿಬ್ಬನ್, ನೆರಿಗೆ ಮುದುಡಬಾರದು ಅಂತ ಹಾಗಂತೆ. ಎರಡು ಗಂಟೆಯ ಪ್ರವಚನ ಬೆನ್ನು ನೆಟ್ಟಗೆ ಮಾಡಿಕೊಂಡು ಕೇಳಬೇಕು. ಗಂಡಸರಿಗೆ ಆ ತೊಂದರೆ ಇಲ್ಲ ನೋಡಿ.

ಗೋಡೆಯ ಒಂದು ಬುರುಜಿಗೆ ‘ಕೊಬ್ಬಿನ ಗೋಪುರ’ ಅಂತ ಹೆಸರು. ಚಳಿಗಾಲದಲ್ಲಿ ಹಂದಿ ಕೊಯ್ದ ಮೇಲೆ ಪ್ರತಿ ಮನೆಯವರೂ ಉಪ್ಪು ಹಾಕಿ ಹೊಗೆ ಕೊಟ್ಟ ಕೊಬ್ಬಿನ ದೊಡ್ಡ ತುಂಡನ್ನು ತಂದು ಇಲ್ಲಿ ತೂಗುಹಾಕುತ್ತಿದ್ದರು. ದಪ್ಪ ಗೋಡೆ, ಒಣ ಗಾಳಿ, ಬೇಸಿಗೆಯಲ್ಲೂ ತಂಪು. ಫ್ರಿಜ್ಜು ಬೇಕಿಲ್ಲ. ದಿಢೀರಂತ ದಾಳಿ ಬಂದರೆ ಊಟ ಆಗಲೇ ಕೋಟೆಯೊಳಗಿರುತ್ತದೆ. ವಾರಕ್ಕೊಮ್ಮೆ ಬಾಗಿಲು ತೆಗೆದಾಗ ಬೇಕಾದಷ್ಟು ಕೊಯ್ದುಕೊಂಡು, ಕೊಯ್ದ ಅಂಚಿಗೆ ಮುದ್ರೆ ಒತ್ತಿ ಹೋಗಬೇಕು. ಮುಂದಿನ ವಾರ ಬಂದಾಗ ಮುದ್ರೆ ಇಲ್ಲದಿದ್ದರೆ ಕಳ್ಳತನ ಆಗಿದೆ ಅಂತಲೇ ಅರ್ಥ. ದೇವರ ಕೋಟೆಯೊಳಗೂ ನೆರೆಮನೆಯವರ ಮೇಲೊಂದು ಕಣ್ಣು. ನನ್ನ ಸಸ್ಯಾಹಾರಿ ಗಂಡ ಮೂಗು ಮುಚ್ಚಿಕೊಂಡು, "ನಮ್ಮ ಹಗೇವು ಬೇಕಾದಷ್ಟು ಚಲೋ, ಬರೇ ಜೋಳ" ಅಂದರು. ನೆಲದೊಳಗೆ ಕಾಳು ತುಂಬಿಡುವ ಗುಂಡಿಗೆ ಅವರ ಕಡೆ ಹಗೇವು ಅಂತಾರೆ.

ಸಂಜೆ ಹಸುಗಳು ಮೇವಿನಿಂದ ಮರಳಿದವು. ಒಂದೊಂದು ಹಸುವೂ ಸಾಲು ಬಿಟ್ಟು ತನ್ನ ಮನೆ ಬಾಗಿಲಿಗೆ ತಾನೇ ಹೋಗಿ ನಿಂತಿತು. ಈ ಮನೆಗಳನ್ನು ಕಟ್ಟಿದವರು ಮಾತ್ರ ಇಲ್ಲಿಲ್ಲ. 1945ರ ಜನವರಿಯಲ್ಲಿ ರೊಮೇನಿಯಾದ ಜರ್ಮನ್ನರಲ್ಲಿ 17ರಿಂದ 45 ವರ್ಷದ ಗಂಡಸರನ್ನು, 18ರಿಂದ 30ರ ಹೆಂಗಸರನ್ನು ಬಿಟ್ಟಿ ದುಡಿಮೆಗೆ ಸೋವಿಯತ್ ಗಣಿಗಳಿಗೆ ಸಾಗಿಸಿದರು. ಒಟ್ಟು 70,000ದಷ್ಟು ಜನ. ಅಜ್ಜಿಯ ತಾಯಿಯೂ ಅದರಲ್ಲಿ ಒಬ್ಬರು. ಆಮೇಲೆ ರೊಮೇನಿಯಾದ ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಷೆಸ್ಕು ಕಾಲದಲ್ಲಿ ಪಶ್ಚಿಮ ಜರ್ಮನಿ ತಲೆಗಿಷ್ಟು ಅಂತ ದುಡ್ಡು ಕೊಟ್ಟು ಜನರನ್ನು ಬಿಡಿಸಿಕೊಂಡಿತು. ಎರಡು ಲಕ್ಷಕ್ಕೂ ಜಾಸ್ತಿ ಜನ ಹಾಗೆ ಹೋದರು. 1989ರಲ್ಲಿ ಅವನು ಬಿದ್ದ, ಗಡಿ ತೆರೆಯಿತು, ಉಳಿದವರೂ ಹೊರಟರು. ಎಂಟು ನೂರು ವರ್ಷ ಗೋಡೆ ಕಟ್ಟಿಕೊಂಡು ಉಳಿದ ಜನ, ಒಂದೆರಡು ವರ್ಷದಲ್ಲಿ ಸೂಟ್‌ಕೇಸ್ ಹಿಡಿದು ಖಾಲಿ.

ಮೂರನೇ ದಿನ: ಸಾಸ್ಕಿಜ್, ಬಿಯೆರ್ತಾನ್

ಸಾಸ್ಕಿಜ್ ದಾರಿಯಲ್ಲೇ ಇದೆ. ಇಲ್ಲಿ ಸುತ್ತುಗೋಡೆಗಿಂತ ಚರ್ಚೇ ಕೋಟೆ. ಪ್ರಾರ್ಥನೆಯ ಸಭಾಂಗಣದ ನೆತ್ತಿಯ ಮೇಲೆ ಕಾವಲಿನ ಅಟ್ಟ, ಅದಕ್ಕೆ ಕಂಡಿಗಳು. ಹೊರಗಿನಿಂದ ನೋಡಿ, ಕಾಫಿ ಕುಡಿದು ಹೊರಟೆವು.

ಬಿಯೆರ್ತಾನ್ ಹಾಗಲ್ಲ. ದ್ರಾಕ್ಷಿ ಬೆಳೆದು ಶ್ರೀಮಂತವಾದ ಊರು, ಅದು ಎದ್ದು ಕಾಣುತ್ತದೆ. ಗುಡ್ಡದ ಮೇಲೆ ಚರ್ಚು, ಸುತ್ತ ಮೂರು ಸುತ್ತಿನ ಗೋಡೆ. ಮೇಲೆ ಹೋಗಲು ಮರದ ಮಾಡು ಹೊದಿಸಿದ ಮೆಟ್ಟಿಲ ಸಾಲು. 1572ರಿಂದ 1867ರವರೆಗೆ ಸ್ಯಾಕ್ಸನ್ನರ ಲೂಥರನ್ ಬಿಷಪ್ಪರು ಇದ್ದಿದ್ದು ಇಲ್ಲೇ. 16ನೇ ಶತಮಾನದ ನಡುವೆ ಇಡೀ ಸಮುದಾಯ ಕ್ಯಾಥೊಲಿಕ್ ಬಿಟ್ಟು ಪ್ರಾಟೆಸ್ಟೆಂಟ್ ಸುಧಾರಕ ಲೂಥರನ ದಾರಿ ಹಿಡಿದಿತ್ತು. ಆದರೂ ಒಂದು ಬುರುಜಿಗೆ ಈಗಲೂ ‘ಕ್ಯಾಥೊಲಿಕ್ ಗೋಪುರ’ ಅಂತಲೇ ಹೆಸರು. ಮತ ಬದಲಿಸದೆ ಉಳಿದ ಕೆಲವರಿಗೆ ಪ್ರಾರ್ಥನೆಗೆ ಅಂತ ಬಿಟ್ಟುಕೊಟ್ಟಿದ್ದಂತೆ.

ನಾನು ಜಾಸ್ತಿ ಹೊತ್ತು ನಿಂತಿದ್ದು ಒಂದು ಬಾಗಿಲ ಮುಂದೆ. ಪಾದ್ರಿಗಳ ಉಡುಪು, ಬೆಳ್ಳಿ ಬಟ್ಟಲು, ಬೆಲೆಬಾಳುವ ವಸ್ತುಗಳನ್ನು ಇಡುತ್ತಿದ್ದ ಕೋಣೆಯದು. 1515ರದ್ದು. ಮುಂದಿನಿಂದ ನೋಡಿದರೆ ಚಿತ್ತಾರದ ಮರ. ಹಿಂದೆ ಹೋಗಿ ನೋಡಿದರೆ ಬಾಗಿಲ ತುಂಬ ಕಬ್ಬಿಣದ ಸರಳು, ಕೊಕ್ಕೆ, ಹಲ್ಲು. ಒಂದು ಕೀಲಿ ತಿರುಗಿಸಿದರೆ ಒಂದು ಡಜನ್‌ಗಿಂತ ಹೆಚ್ಚು ಅಗುಳಿಗಳು ಎಲ್ಲ ದಿಕ್ಕಿಗೂ ಏಕಕಾಲಕ್ಕೆ ಚಾಚಿ ಚೌಕಟ್ಟಿನೊಳಗೆ ಕೂರುತ್ತವೆ. ಇದನ್ನು 1900ರ ಪ್ಯಾರಿಸ್ ಜಾಗತಿಕ ಮೇಳಕ್ಕೂ ಒಯ್ದಿದ್ದರು. ಮಾಡಿ ನಾಲ್ಕು ಶತಮಾನದ ಹತ್ತಿರವಾಗಿದ್ದ ಬೀಗವನ್ನು ಹೊಸ ಯಂತ್ರಗಳ ಮೇಳದಲ್ಲಿ ಇಟ್ಟರು ಅಂದರೆ ಆ ಕಮ್ಮಾರನ ಕೈ ಎಂಥದ್ದಿರಬೇಕು!

ಹೊರಗೆ ಒಂದು ಬುರುಜಿನಲ್ಲಿ ‘ಗಂಡ ಹೆಂಡಿರ ಸೆರೆಮನೆ’. ಸೋಡಚೀಟಿ ಕೇಳಿ ಬಂದ ಜೋಡಿಯನ್ನು ಎರಡು ವಾರ ಇದರಲ್ಲಿ ಕೂಡಿಹಾಕುತ್ತಿದ್ದರಂತೆ. ಒಂದು ಮಂಚ, ಒಂದು ಮೇಜು, ಒಂದು ತಟ್ಟೆ, ಒಂದೇ ಚಮಚ. ಮುನ್ನೂರು ವರ್ಷದಲ್ಲಿ ಒಂದೇ ಒಂದು ಜೋಡಿ ಬೇರೆಯಾಯಿತು ಅಂತ ಗೈಡ್ ಹೆಮ್ಮೆಯಿಂದ ಹೇಳಿದರು. ಎಲ್ಲರೂ ನಕ್ಕರು. ನನಗೆ ಅಷ್ಟು ನಗು ಬರಲಿಲ್ಲ. ಹೊಡೆಯುವ ಗಂಡನ ಜೊತೆ ಕೂಡಿಹಾಕಿದರೆ ಅವಳು ಮೂರನೇ ದಿನಕ್ಕೇ ‘ಆಯ್ತು, ಹೊಂದಿಕೊಂಡು ಹೋಗ್ತೀನಿ’ ಅನ್ನದೆ ಇನ್ನೇನು ಅಂದಾಳು?

"ರೀ, ನೀವೇನಂತೀರಿ?" ಅಂದೆ.

"ಒಂದ ಚಮಚ ಅಂದ್ರ ನಿನಗ ಕೊಟ್ಟ್ ನಾ ಕೈಲೇ ಉಣ್ತೀನಿ. ಇದೇನ್ ಶಿಕ್ಷಾ?"

ನಾಲ್ಕನೇ ದಿನ: ದಾರ್ಜಿಯು

ಹಳ್ಳಿಹಳ್ಳಿ ದಾರಿ. ನಡುವೆ ಒಂದು ಊರಿನಲ್ಲಿ ಚರ್ಚಿಗೆ ಬೀಗ. ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ ಕೀಲಿ ಯಾವ ಮನೆಯಲ್ಲಿ ಸಿಗುತ್ತದೆ ಅಂತ ಬರೆದಿತ್ತು. ಹೋಗಿ ಬಾಗಿಲು ತಟ್ಟಿದರೆ ನಾಯಿ ಬೊಗಳಿತು, ಯಾರೂ ಬರಲಿಲ್ಲ. ಗೋಡೆಯ ಮೇಲೆ ಆಳೆತ್ತರದ ಗಿಡ ಬೆಳೆದಿತ್ತು.

ದಾರ್ಜಿಯುಗೆ ಬಂದರೆ ಭಾಷೆಯೇ ಬೇರೆ. ಇಲ್ಲಿರೋದು ಹಂಗೇರಿಯನ್ ಮಾತಾಡುವ ಸೆಕ್ಲರ್ ಜನ, ತ್ರಿತ್ವ ಒಪ್ಪದ ಕ್ರೈಸ್ತರ ಯುನಿಟೇರಿಯನ್ ಪಂಥದವರು. ಯುನೆಸ್ಕೊ 1993ರಲ್ಲಿ ಬಿಯೆರ್ತಾನ್‌ಗೆ ಮೊದಲು ವಿಶ್ವ ಪರಂಪರೆಯ ತಾಣ ಅಂತ ಮಾನ್ಯತೆ ಕೊಟ್ಟು, 1999ರಲ್ಲಿ ಇನ್ನೂ ಆರು ಊರು ಸೇರಿಸಿತು. ನಾನು ನೋಡಿದ ಐದೂ ಆ ಪಟ್ಟಿಯಲ್ಲಿವೆ. ಏಳರಲ್ಲಿ ದಾರ್ಜಿಯು ಒಂದೇ ಸ್ಯಾಕ್ಸನ್ನರದ್ದಲ್ಲದ ಊರು. ಇವರು ಎಲ್ಲಿಗೂ ಹೋಗಲಿಲ್ಲ. ಹಾಗಾಗಿ ಕೋಟೆ ಇನ್ನೂ ಕೆಲಸದಲ್ಲಿದೆ.

ಗೋಡೆಗೆ ಒರಗಿಸಿ ಸಾಲಾಗಿ ಮರದ ಕಣಜದ ಪೆಟ್ಟಿಗೆಗಳು. ಕಾಳು ತುಂಬಿಡಲು. ಚರ್ಚಿನೊಳಗೆ 1419ರ ಭಿತ್ತಿಚಿತ್ರ ಇದೆ, ಸಂತನಾದ ದೊರೆ ಲಾದಿಸ್ಲಾಸನ ಕಥೆ. ಕುದುರೆಗಳ ಕಣ್ಣು ಇನ್ನೂ ಹೊಳೆಯುತ್ತವೆ. ಮಗಳು ಅದನ್ನು ನೋಡುತ್ತಾ ನಿಂತಳು, ನನಗೆ ಗೋಪುರದ ಕಡೆ ಗಮನ. ಒಳಗೆ ತೊಲೆಗಳಿಂದ ಸಾಲುಸಾಲಾಗಿ ಕೊಬ್ಬಿನ ಬಿಳಿ ಹಲಗೆಗಳು ತೂಗುತ್ತಿದ್ದವು. ಮ್ಯೂಸಿಯಮ್ಮಿನದ್ದಲ್ಲ, ಮನೆಮನೆಯದು. ಮುಂದಿನ ಊಟದ್ದು. ಹೊಗೆಯ, ಉಪ್ಪಿನ ಗಾಢ ವಾಸನೆ. ಕೆಳಗೆ ಕೊಬ್ಬು ತೊಟ್ಟಿಕ್ಕಿ ನೆಲ ಕಪ್ಪಾಗಿತ್ತು. ನನ್ನ ಗಂಡ ಹೊರಗೆ ಮರದ ಕೆಳಗೆ ಕೂತು ಚಕ್ಕುಲಿ ಪೊಟ್ಟಣ ಬಿಚ್ಚಿದರು.

ನ್ಯೂರೆಂಬರ್ಗ್‌ಗೆ ಬಂದ ಮಾರನೇ ದಿನ ಫೋನ್ ತಗೊಂಡು ಕೆಳಗೆ ಹೋದೆ. ಅಜ್ಜಿ ಕನ್ನಡಕ ಹುಡುಕಿ ಹಾಕಿಕೊಂಡರು.

"ಒಳಗೆ ಬಿಟ್ಟರಾ?"

"ಬಿಟ್ಟರು ಅಜ್ಜಿ. ಟಿಕೆಟ್ ಇದೆ."

"ಟಿಕೆಟ್ಟಾ? ನಮ್ಮ ಕೋಣೆಗಾ?" ಅಜ್ಜಿ ನನ್ನನ್ನೇ ದುರುಗುಟ್ಟಿ ನೋಡಿದರು, ಟಿಕೆಟ್ ಇಟ್ಟವಳು ನಾನೇ ಅನ್ನುವ ಹಾಗೆ. ಆಮೇಲೆ ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿದರು. ನಂಬರ್ ನೋಡಲಿಲ್ಲ. ಇನ್ನೂ ದೊಡ್ಡದು ಮಾಡಿ ಚಿಲಕದ ಮೇಲೆ ನಿಲ್ಲಿಸಿದರು.

"ಇದು ನಮ್ಮದಲ್ಲ. ನಮ್ಮದು ಮರದ್ದಿತ್ತು" ಅಂದರು. "ಬಾಗಿಲು ಮಾತ್ರ ಅದೇ."